ಚಾದಂಗಡಿ ಊರಿನದೋ, ಮಾಲಕನದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಚಾದಂಗಡಿ ಮಾಲಕರು, ಅಲ್ಲಿ ದಿನಾ ಕೂಡುವವರು, ಹೊಸದಾಗಿ ಅಂಗಡಿ ಹಾಕಬೇಕೆನ್ನುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸಾಮಾನಿನ ದರಗಳನ್ನು ಲೆಕ್ಕ ತೋರಿಸುವುದಕ್ಕಾಗಿ ಹಿಡಿದಿದ್ದೇವೆ. ನಿಮ್ಮ ಊರಿನ ದರ ಹಾಕಿಕೊಂಡು ಮತ್ತೊಮ್ಮೆ ಮಾಡಿ ನೋಡಿ.

## ಮೊದಲ ಪ್ರಶ್ನೆಗಳು

ಚಾದಂಗಡಿ ಅಂದ್ರ ಒಬ್ಬಾಂವ ರೊಕ್ಕಾ ಹಾಕಿ ನಡೆಸೋ ಧಂದೆ. ಅದಕ್ಕ ಊರು, ಸಮಾಜ ಅಂತೆಲ್ಲಾ ಯಾಕ ಗಂಟ ಹಾಕ್ತೀರಿ?

ಧಂದೆ ಹೌದು, ಅದರಲ್ಲಿ ಎರಡು ಮಾತಿಲ್ಲ. ಗಲ್ಲಾ ತುಂಬದಿದ್ದರೆ ಅಂಗಡಿ ಬಾಗಿಲು ಹಾಕುತ್ತದೆ, ಆಮೇಲೆ ಅಲ್ಲಿ ಯಾರೂ ಕೂಡುವುದಿಲ್ಲ. ಆದರೆ ಗಿರಾಕಿ ಹತ್ತು ರೂಪಾಯಿ ಕೊಡುವುದು ಚಾಕ್ಕಷ್ಟೇ ಆಗಿದ್ದರೆ ಅದನ್ನು ಅವನು ಮನೆಯಲ್ಲೇ ಅರ್ಧ ಖರ್ಚಿನಲ್ಲಿ ಕಾಸಿಕೊಂಡು ಕುಡಿಯುತ್ತಿದ್ದ. ಅಮರಗೋಳದ ಎಪಿಎಂಸಿ ಮಾರುಕಟ್ಟೆಯಲ್ಲಿ ಹೆಸರುಕಾಳಿಗೆ ಇವತ್ತು ಏನು ದರ ಆಯಿತು, ಯಾವ ಓಣಿಗೆ ಇವತ್ತು ನೀರು ಬಿಡುತ್ತಾರೆ, ಯಾರ ಮನೆಯಲ್ಲಿ ಸಾವಾಯಿತು, ಯಾವ ಕಟ್ಟಡಕ್ಕೆ ನಾಲ್ಕು ಜನ ಗೌಂಡಿ ಬೇಕಾಗಿದ್ದಾರೆ, ಇವೆಲ್ಲ ತಿಳಿಯುವುದು ಅಂಗಡಿ ಮುಂದಿನ ಬಾಕಿನ (ಬೆಂಚಿನ) ಮೇಲೆ. ಹಮಾಲ, ಅಡತಿಯವ, ಮಾಸ್ತರ, ಆಟೋದವ ಒಂದೇ ಬಾಕಿನ ಮೇಲೆ ಹತ್ತು ನಿಮಿಷ ಕೂಡುವ ಜಾಗ ಊರಿನಲ್ಲಿ ಬಹಳ ಇಲ್ಲ.

ಕಾನೂನಿನ ಮಾತು ಹೇಳುವುದಾದರೆ, ಸಂವಿಧಾನದ 15(2)ನೇ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳನ್ನು ಹೆಸರಿಸಿ, ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ನೋಡಿ ಅಲ್ಲಿ ಯಾರನ್ನೂ ತಡೆಯಬಾರದೆಂದು ಹೇಳುತ್ತದೆ. ಬಂಡವಾಳ ಮಾಲಕನದು. ಬಾಗಿಲು ಮಾತ್ರ ಎಲ್ಲರದು.

ಗುಡಿ ಕಟ್ಟಿ ಐತಿ, ಲೈಬ್ರರಿ ಐತಿ, ಸಮುದಾಯ ಭವನ ಐತಿ. ಮತ್ತ ಚಾದಂಗಡಿನ ಯಾಕ ಬೇಕು?

ಗುಡಿ ಕಟ್ಟೆಯ ಮೇಲೆ ಯಾರು ಕೂಡಬಹುದು ಎಂಬುದು ಅನೇಕ ಊರುಗಳಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಲೈಬ್ರರಿಯಲ್ಲಿ ಮಾತಾಡುವಂತಿಲ್ಲ. ಸಮುದಾಯ ಭವನಕ್ಕೆ ಕೀಲಿ ಇರುತ್ತದೆ, ಕೀಲಿ ಯಾರ ಕೈಯಲ್ಲಿದೆಯೋ ಅವರನ್ನು ಕೇಳಬೇಕು. ಚಾದಂಗಡಿಗೆ ಕಾರಣ ಹೇಳದೆ ಬರಬಹುದು, ಹೇಳದೆ ಎದ್ದು ಹೋಗಬಹುದು. ಹತ್ತು ರೂಪಾಯಿ ಕೊಟ್ಟವನಿಗೆ ಅಲ್ಲಿ ಕೂಡುವ ಹಕ್ಕು ಬಂತು, ಯಾರ ಹಂಗೂ ಇಲ್ಲ. ಈ ಸಣ್ಣ ವ್ಯವಹಾರವೇ ಆ ಜಾಗವನ್ನು ಎಲ್ಲರಿಗೂ ತೆರೆದಿಡುತ್ತದೆ.

ವ್ಯಾಪಾರ ಮತ್ತು ಕೂಟ ಒಂದೇ ಸೂರಿನಡಿ ಬಾಳಿದ್ದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 1933ರಲ್ಲಿ ಶುರುವಾದ ಧಾರವಾಡದ ಮನೋಹರ ಗ್ರಂಥಮಾಲೆ ಪುಸ್ತಕ ಪ್ರಕಟಿಸಿ ಮಾರುವ ಸಂಸ್ಥೆ. ಅದರ ಅಟ್ಟ ಮಾತ್ರ ಬರೆಯುವವರು, ಓದುವವರು ಬಂದು ಕೂಡುವ ಜಾಗವಾಗಿ ಹೆಸರಾಯಿತು. ಅಟ್ಟದ ಮಾತುಕತೆಯಿಂದ ಸಂಸ್ಥೆಗೆ ಬರಹಗಾರರು ಸಿಕ್ಕರು, ಸಂಸ್ಥೆ ಇದ್ದುದರಿಂದ ಅಟ್ಟ ಉಳಿಯಿತು.

ಇಂಗ್ಲೆಂಡಿನ್ಯಾಗ ಊರ ಮಂದಿ ಕೂಡೂದು ಪಬ್ಬಿನ್ಯಾಗ ಅಂತಾರ. ಹುಬ್ಬಳ್ಳ್ಯಾಗೂ ಈಗ ಪಬ್ ಅದಾವಲ್ಲ, ಅವು ಯಾಕ ಹಂಗ ಆಗಂಗಿಲ್ಲ?

ಅಲ್ಲಿಯ ಹಳ್ಳಿ ಪಬ್ಬಿಗೆ ಮುದುಕರು, ಗಂಡ-ಹೆಂಡತಿ, ಮಕ್ಕಳು, ನಾಯಿ ಹಿಡಿದುಕೊಂಡವರು ಎಲ್ಲರೂ ಬರುತ್ತಾರೆ. ಕುಡಿಯದವನು ಊಟ ಮಾಡಿ ಹೋಗುತ್ತಾನೆ. ನಮ್ಮಲ್ಲಿ ಸಿಎಲ್-2 ಲೈಸೆನ್ಸಿನ ಮದ್ಯದಂಗಡಿಯಲ್ಲಿ ಬಾಟಲಿ ಕೊಂಡು ಹೋಗಬೇಕು, ಅಲ್ಲೇ ಕೂತು ಕುಡಿಯುವಂತಿಲ್ಲ. ಸಿಎಲ್-9 ಬಾರಿನಲ್ಲಿ ಕೂಡಬಹುದು, ಆದರೆ ಅಲ್ಲಿಗೆ ಹೋಗುವುದನ್ನು ಮನೆಯಲ್ಲಿ ಹೇಳಿ ಹೋಗುವವರು ಕಡಿಮೆ. ಅರ್ಧ ಊರು ಕಾಲಿಡದ ಜಾಗ ಊರಿನ ಕಟ್ಟೆ ಆಗಲಾರದು.

ಇನ್ನೊಂದು ಕಾರಣ ಲೆಕ್ಕದ್ದು. ಲೈಸೆನ್ಸ್ ಶುಲ್ಕ, ಏಸಿ, ದೊಡ್ಡ ಬಾಡಿಗೆ, ಅಲಂಕಾರದ ಸಾಲ ಇವೆಲ್ಲ ಸೇರಿ ಪಬ್ಬಿನ ಪ್ರತಿ ಖುರ್ಚಿಯ ಮೇಲೆ ದಿನಕ್ಕೆ ದೊಡ್ಡ ಮೊತ್ತ ಕೂತಿರುತ್ತದೆ. ಅಂಥ ಖುರ್ಚಿಯಲ್ಲಿ ಸುಮ್ಮನೆ ಕೂಡಲು ಯಾರೂ ಬಿಡಲಾರರು. ಎಲ್ಲಿ ಸ್ಥಿರ ಖರ್ಚು ಕಡಿಮೆಯೋ ಅಲ್ಲಿ ಹರಟೆ ಉಳಿಯುತ್ತದೆ. ನಮ್ಮಲ್ಲಿ ಆ ಕೆಲಸವನ್ನು ಚಾದಂಗಡಿ, ಗಿರಮಿಟ್ ಗಾಡಿ, ರೊಟ್ಟಿ ಖಾನಾವಳಿಗಳು ಮಾಡುತ್ತಿವೆ.

## ಗಲ್ಲಾದ ಲೆಕ್ಕ

ಹತ್ತು ರೂಪಾಯಿ ಚಾದಾಗ ಖರೇ ಎಷ್ಟ ಉಳಿತೈತಿ? ದಿನಕ್ಕ ಎಷ್ಟು ಕಪ್ಪು ಹೋದ್ರ ಅಂಗಡಿ ನಡೀತೈತಿ?

ಒಂದು ಸಲದ ಅಳತೆ: 1 ಲೀಟರ್ ಹಾಲು, 700 ಮಿ.ಲೀ. ನೀರು, 40 ಗ್ರಾಂ ಚಾಪುಡಿ, 130 ಗ್ರಾಂ ಸಕ್ಕರೆ, 15 ಗ್ರಾಂ ಹಸಿ ಶುಂಠಿ, ಎರಡು ಮೂರು ಯಾಲಕ್ಕಿ. ಕುದಿದು, ಪುಡಿ ಹೀರಿಕೊಂಡು ಉಳಿಯುವುದು ಸುಮಾರು ಒಂದೂವರೆ ಲೀಟರ್. 80 ಮಿ.ಲೀ. ಗ್ಲಾಸಿನಲ್ಲಿ 18 ಚಾ.

ಖರ್ಚು: ಹಾಲು 50 ರೂಪಾಯಿ, ಪುಡಿ 16, ಸಕ್ಕರೆ 6, ಶುಂಠಿ-ಯಾಲಕ್ಕಿ 4, ಗ್ಯಾಸ್ 7. ಒಟ್ಟು 83. ಒಂದು ಗ್ಲಾಸಿಗೆ 4 ರೂಪಾಯಿ 60 ಪೈಸೆ. ಚೆಲ್ಲಿದ್ದು, ಉಳಿದದ್ದು, ಪರಿಚಯದವರಿಗೆ ಪುಕ್ಕಟೆ ಕೊಟ್ಟದ್ದು ಎಲ್ಲ ಸೇರಿ 5 ರೂಪಾಯಿ ಎಂದು ಹಿಡಿಯಿರಿ. ಕೈಗೆ ಉಳಿಯುವುದು 5.

ಇನ್ನು ದಿನದ ಸ್ಥಿರ ಖರ್ಚು. ತಿಂಗಳಿಗೆ 8,000 ಬಾಡಿಗೆ ಎಂದರೆ ದಿನಕ್ಕೆ 270, ಕೈಯಾಳಿಗೆ 550, ಲೈಟು, ನೀರು, ಕಸ, ರಿಪೇರಿ 130, ಮಾಲಕನ ಸ್ವಂತ ದುಡಿಮೆಗೆ 650. ಒಟ್ಟು 1,600. ಭಾಗಿಸಿದರೆ 320 ಚಾ. ಬಹಳ ಮಂದಿ ತಪ್ಪುವುದು ಕೊನೆಯ ಬಾಬಿನಲ್ಲಿ. ತಮ್ಮ ಕೂಲಿಯನ್ನು ಹಿಡಿಯುವುದೇ ಇಲ್ಲ, ಆದ್ದರಿಂದ 190 ಚಾ ಹೋದರೂ ಅಂಗಡಿ ನಡೆಯುತ್ತಿದೆ ಎಂದುಕೊಳ್ಳುತ್ತಾರೆ. ನಡೆಯುತ್ತಿರುವುದು ಮನೆಯವರ ಪುಕ್ಕಟೆ ದುಡಿಮೆ.

ಬಾಡಿಗೆ ಒಟ್ಟು ವ್ಯಾಪಾರದ ಹತ್ತನೇ ಒಂದು ಪಾಲು ದಾಟಬಾರದು. ದಾಟಿತೆಂದರೆ ಮಾಲಕ ಗಿರಾಕಿಯ ಮುಖ ನೋಡುವುದನ್ನು ಬಿಟ್ಟು ಗಡಿಯಾರ ನೋಡಲು ಶುರು ಮಾಡುತ್ತಾನೆ.

ಒಂದು ಚಾ ತಗೊಂಡು ತಾಸಗಟ್ಲೆ ಕೂಡ್ತಾರ. ಎಬ್ಬಸಬೇಕೋ, ಸುಮ್ಮನಿರಬೇಕೋ?

ಮೊದಲು ಯಾವ ಹೊತ್ತಿನಲ್ಲಿ ಎಂದು ನೋಡಿ. ಖುರ್ಚಿಗೆ ದಿನವಿಡೀ ಒಂದೇ ಬೆಲೆ ಇರುವುದಿಲ್ಲ.

ಹನ್ನೆರಡು ಜನ ಕೂಡುವ ಅಂಗಡಿ ಎನ್ನಿ. ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆಯ ಗದ್ದಲದಲ್ಲಿ ಒಬ್ಬೊಬ್ಬರು 12 ನಿಮಿಷ ಕೂತರೆ ತಾಸಿಗೆ ಒಂದು ಜಾಗದಲ್ಲಿ ಐದು ಜನ, ಮೂರು ತಾಸಿಗೆ ಒಟ್ಟು 180 ಜನ. ಆ ಹೊತ್ತಿನಲ್ಲಿ ನಾಲ್ಕು ಜನ ಪೂರ್ತಿ ಕೂತುಬಿಟ್ಟರೆ 60 ಜನರ ಜಾಗ ಹೋಯಿತು. ಅದು ಖರೇ ನಷ್ಟ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಅದೇ ನಾಲ್ಕು ಜನ ಕೂತರೆ ನಷ್ಟ ಸೊನ್ನೆ, ಯಾಕೆಂದರೆ ಬೇರೆ ಯಾರೂ ಕಾಯುತ್ತಿಲ್ಲ. ಮೇಲಾಗಿ ನಾಲ್ಕು ಜನ ಕೂತ ಅಂಗಡಿಗೆ ಐದನೆಯವ ಬರುತ್ತಾನೆ. ಖಾಲಿ ಅಂಗಡಿಯನ್ನು ನೋಡಿದವನು ಮುಂದೆ ಸಾಗುತ್ತಾನೆ.

ಆದ್ದರಿಂದ ಗದ್ದಲದ ಹೊತ್ತಿಗೆ ನಿಂತು ಕುಡಿಯುವ ವ್ಯವಸ್ಥೆ ಮಾಡಿ. ಒಲೆಗೆ ಹತ್ತಿರ, ನೆಲದಿಂದ 105–110 ಸೆಂ.ಮೀ. ಎತ್ತರಕ್ಕೆ, ಒಂದು ಗೇಣು ಅಗಲದ ಹಲಗೆಯನ್ನು ಗೋಡೆಗೆ ಬಡಿದರೆ ಸಾಕು. ಅವಸರದವರು ಅಲ್ಲೇ ಮುಗಿಸಿ ಹೋಗುತ್ತಾರೆ. ಬಾಕುಗಳು ಒಲೆಯಿಂದ ದೂರ ಇರಲಿ. ಅಷ್ಟಕ್ಕೂ ತುಂಬಿದರೆ ದಿನಾ ಬರುವವರಿಗೆ ಬಾಯಿಬಿಟ್ಟು ಹೇಳಬಹುದು: «ಕಾಕಾ, ಒಂಬತ್ತೂವರಿ ತನಕಾ ಸ್ವಲ್ಪ ಜಾಗಾ ಬಿಡ್ರಿ, ಆಮ್ಯಾಲ ಬೇಕಾದಷ್ಟು ಹೊತ್ತು ಕೂಡ್ರಿ.» ದಿನಾ ಬರುವವರು ಇದನ್ನು ತಪ್ಪು ತಿಳಿಯುವುದಿಲ್ಲ. ಅವರನ್ನು ನೋಯಿಸುವುದು ಫ್ಯಾನ್ ಬಂದ್ ಮಾಡುವುದು, ಕುಡಿಯುವ ಮುಂಚೆ ಗ್ಲಾಸು ಎತ್ತುವುದು, «ಇಲ್ಲಿ ಹರಟೆ ಹೊಡೆಯಬೇಡಿ» ಎಂಬ ಬೋರ್ಡು. ಅಂಥ ಬೋರ್ಡು ಹಾಕಿದ ಅಂಗಡಿಯಲ್ಲಿ ಮೊದಲು ಹರಟೆ ಹೋಗುತ್ತದೆ, ಹಿಂದೆಯೇ ಮಧ್ಯಾಹ್ನದ ವ್ಯಾಪಾರ ಹೋಗುತ್ತದೆ.

ಕೂಡುವವರಿಗೂ ಒಂದು ಮಾತು. ಎರಡು ತಾಸು ಕೂತರೆ ಎರಡನೆಯ ಚಾ ಹೇಳಿ. ನಾಲ್ಕು ಜನ ಸೇರಿ ಒಂದು ಪ್ಲೇಟ್ ಮಿರ್ಚಿ ತರಿಸಿ. ನಿಮ್ಮ ಜಾಗ ಉಳಿಯುವುದು ನಿಮ್ಮದೇ ರೊಕ್ಕದಿಂದ.

ಉದ್ರಿ ಕೊಡ್ಲಿಲ್ಲಾಂದ್ರ ಗಿರಾಕಿ ಮುರೀತಾವು, ಕೊಟ್ರ ಗಲ್ಲಾ ಮುರೀತೈತಿ. ಏನ್ ಮಾಡೂದು?

ಉದ್ರಿಯನ್ನು ಪೂರ್ತಿ ನಿಲ್ಲಿಸಿದ ಅಂಗಡಿ ವಾರದ ಪಗಾರದವರನ್ನು, ರೈತರನ್ನು ಕಳೆದುಕೊಳ್ಳುತ್ತದೆ. ಅವರ ಕೈಗೆ ರೊಕ್ಕ ಬರುವ ದಿನವೇ ಬೇರೆ. ಆದರೆ 500 ರೂಪಾಯಿ ಮುಳುಗಿದರೆ ಅದನ್ನು ತುಂಬಿಕೊಳ್ಳಲು ನೂರು ಚಾ ಮಾರಬೇಕು ಎಂಬುದು ನೆನಪಿರಲಿ.

ನಡೆಯುವ ಪದ್ಧತಿ ಹೀಗಿದೆ. ಒಬ್ಬರಿಗೆ 200 ರೂಪಾಯಿ ಮಿತಿ, ಒಟ್ಟು ಉದ್ರಿ ಎರಡು ದಿನದ ಹಾಲಿನ ಬಿಲ್ಲು ದಾಟಬಾರದು. ತೀರಿಸುವ ದಿನ ಅವರವರ ದುಡ್ಡಿನ ದಿನಕ್ಕೆ ಹೊಂದಿರಲಿ: ಗೌಂಡಿಗಳಿಗೆ ಬಟವಾಡೆ ದಿನ, ನೌಕರರಿಗೆ ಒಂದನೇ ತಾರೀಖು, ರೈತರಿಗೆ ಮಾಲು ಹೋದ ದಿನ. ಪುಸ್ತಕದಲ್ಲಿ ಅವರೆದುರೇ ಬರೆಯಿರಿ. ಸಂಜೆ ನೆನಪಿನಿಂದ ಬರೆದದ್ದೇ ಜಗಳದ ಮೂಲ. ಬಾಕಿದಾರರ ಹೆಸರನ್ನು ಗೋಡೆಗೆ ಹಚ್ಚುವುದು ಬೇಡವೇ ಬೇಡ. ಹಚ್ಚಿಸಿಕೊಂಡವನು ಆ ಬಾಕಿಯನ್ನೂ ಕೊಡುವುದಿಲ್ಲ, ಅವನ ಬಳಗದವರೂ ಬರುವುದಿಲ್ಲ.

ಮುಂಗಡದ ಕಾರ್ಡು ಇನ್ನೂ ಒಳ್ಳೆಯದು. 250 ಕೊಟ್ಟವರಿಗೆ 26 ಚಾ. ಒಂದು ಚಾ ಹೆಚ್ಚು ಹೋಯಿತು, ಬದಲಿಗೆ ತಿಂಗಳ ಮೊದಲೇ ಕೈಗೆ ರೊಕ್ಕ ಬಂತು.

ಚಾ ಒಂದರಿಂದನ ಹೊಟ್ಟಿ ತುಂಬಂಗಿಲ್ಲ. ಜೋಡಿ ಏನ್ ಇಟ್ರ ಛಲೋ?

ಸಂಜೆಗೆ ಮಿರ್ಚಿ, ಗಿರಮಿಟ್. ಇದನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಗಿರಮಿಟ್ಟಿನ ಉಳ್ಳಾಗಡ್ಡಿ-ಹುಣಸೆ ಒಗ್ಗರಣೆಯನ್ನು ಮೊದಲೇ ಮಾಡಿಟ್ಟು, ಚುರಮುರಿಗೆ ಕಲಸುವುದನ್ನು ಮಾತ್ರ ಕೇಳಿದ ಮೇಲೆ ಮಾಡಿ. ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಒಂದು ಪ್ಲೇಟನ್ನು ಮೂರು ಜನ ಕೂಡಿ ತಿನ್ನುವ ತಿಂಡಿಯಾದ್ದರಿಂದ ಇದು ಕೂಟಕ್ಕೂ ಹೊಂದುತ್ತದೆ, ಗಲ್ಲಾಕ್ಕೂ ಹೊಂದುತ್ತದೆ.

ಹಾಳಾಗುವುದು ಎಣ್ಣೆಯಲ್ಲಿ. ಎಣ್ಣೆ ಕೆಟ್ಟಷ್ಟೂ ಅದರಲ್ಲಿ ಏರುವ ಪೋಲಾರ್ ಅಂಶ ಶೇ 25 ದಾಟಿದರೆ ಅದನ್ನು ಬಳಸುವಂತಿಲ್ಲ ಎಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಅಳೆಯುವ ಯಂತ್ರ ಇಲ್ಲದವರು ಮೂರು ಗುರುತು ನೋಡಿ: ಮಂದ ಉರಿಗೇ ಹೊಗೆ ಏಳುವುದು, ಹಿಟ್ಟು ಬಿಟ್ಟಾಗ ನೊರೆ ಅಂಚಿನತನಕ ಬರುವುದು, ಎಣ್ಣೆ ಅಂಟಂಟಾಗುವುದು. ಹಳೆಯ ಎಣ್ಣೆಗೆ ಹೊಸದನ್ನು ಸುರಿದರೆ ಹೊಸದೂ ಬೇಗ ಕೆಡುತ್ತದೆ. ಉದುರಿದ ಹಿಟ್ಟಿನ ಕಾಳನ್ನು ಪ್ರತಿ ಘಾಣಕ್ಕೂ ತೆಗೆಯಿರಿ.

## ಜಾಗ, ಗ್ಲಾಸು, ನೀರು

ಚಾದಾಗ ಅಲ್ಲಾ ಹಾಕಿದ್ರ ಹಾಲು ಒಡೀತೈತಿ, ಒಂದೊಂದು ದಿನ ಚಾ ಕಹಿ ಆಗ್ತೈತಿ. ಯಾಕ?

ಹಸಿ ಅಲ್ಲದಲ್ಲಿ, ಅಂದರೆ ಹಸಿ ಶುಂಠಿಯಲ್ಲಿ, ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವವಿದೆ. ಅಲ್ಲವನ್ನು ಮೊದಲು ನೀರಿನಲ್ಲಿ ಐದು ನಿಮಿಷ ಚೆನ್ನಾಗಿ ಕುದಿಸಿದರೆ ಅದು ಸತ್ತುಹೋಗುತ್ತದೆ. ಆಮೇಲೆ ಪುಡಿ, ಸಕ್ಕರೆ, ಕೊನೆಗೆ ಕಾಸಿದ ಹಾಲು. ಬೇಸಿಗೆಯಲ್ಲಿ ಮಧ್ಯಾಹ್ನದ ಹಾಲು ಅರ್ಧ ಹುಳಿತಿರುತ್ತದೆ, ಆಗ ಅಲ್ಲ ಇರಲಿ ಬಿಡಲಿ ಒಡೆಯುತ್ತದೆ. ಹಾಲನ್ನು ಎರಡು ಸಲ ತರಿಸಿ.

ಕಹಿಗೆ ಕಾರಣ, ಪುಡಿಯನ್ನು ಸೋಸದೆ ಬೋಗುಣಿಯಲ್ಲೇ ಬಿಟ್ಟು ಬಿಸಿ ಮಾಡುತ್ತಾ ಹೋಗುವುದು. ಸೋಸಿ ಸ್ಟೀಲ್ ಫ್ಲಾಸ್ಕಿಗೆ ಹಾಕಿ, ಅರ್ಧ ತಾಸಿನೊಳಗೆ ಮುಗಿಸಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಚಾ ಮೇಲೆ ಕಂದು ಪದರ ಕಟ್ಟುತ್ತದೆ, ರುಚಿ ಸಪ್ಪೆಯಾಗುತ್ತದೆ. ಗದಗ ಕಡೆ ಇದು ಹೆಚ್ಚು. ಅಲ್ಲಿ ನಳದ ತುಂಗಭದ್ರಾ ನೀರೋ, ಶುದ್ಧ ನೀರಿನ ಘಟಕದ ಕ್ಯಾನೋ ಚಾಕ್ಕಾದರೂ ಬೇರೆ ಇಡಿ.

ಕೂಡಾಕ ಬಾಕು ಹೆಂಗ ಹಾಕಬೇಕು?

ಎದುರುಬದುರು ಹಾಕಿ, ನಡುವೆ ನಾಲ್ಕು ಅಡಿ ಬಿಡಿ. ಎಂಟು ಅಡಿ ದಾಟಿದರೆ ಆಚೆಯವರು ಬೇರೆ ಗುಂಪು, ಈಚೆಯವರು ಬೇರೆ ಗುಂಪು ಆಗುತ್ತಾರೆ. ಎಲ್ಲ ಬಾಕುಗಳನ್ನೂ ರಸ್ತೆಗೆ ಮುಖ ಮಾಡಿ ಸಾಲಾಗಿ ಹಾಕಿದರೆ ಮಂದಿ ಮಾತಾಡುವುದಿಲ್ಲ, ರಸ್ತೆ ನೋಡುತ್ತಾರೆ. ಎತ್ತರ 43–45 ಸೆಂ.ಮೀ., ಅಗಲ 40. ಇದಕ್ಕಿಂತ ತಗ್ಗಾದರೆ ಮೊಣಕಾಲು ನೋವಿನವರು ಏಳಲಾರರು. ಒಂದು ಬಾಕಿಗಾದರೂ ಬೆನ್ನು ಮತ್ತು ಒಂದು ತುದಿಗೆ ಕೈ ಹಿಡಿದು ಏಳಲು ಆಸರೆ ಇರಲಿ. ಆರು ಅಡಿಯ ಬಾಕಿನಲ್ಲಿ ಮೂವರು ಆರಾಮಾಗಿ ಕೂಡುತ್ತಾರೆ.

ಪಶ್ಚಿಮಕ್ಕೆ ತೆರೆದ ಅಂಗಡಿಗೆ ಬೇಸಿಗೆಯ ಸಂಜೆ ಬಿಸಿಲು, ಜೂನ್ ನಂತರ ಮಳೆಯ ಇರಚಲು ಎರಡೂ ತಪ್ಪಿದ್ದಲ್ಲ. ಆ ಮಗ್ಗುಲಿಗೆ ಇಳಿಬಿಡುವ ತಾಡಪಲ್ಲು ಇರಲಿ. ಫುಟ್‌ಪಾತಿನ ಮೇಲೆ ಬಾಕು ಇಡಬೇಡಿ. ಪಾಲಿಕೆಯವರು ಎತ್ತಿಕೊಂಡು ಹೋಗುವುದು ಒಂದು ಕಡೆ, ನಡೆಯುವವರ ಜಾಗ ಕಿತ್ತುಕೊಂಡು ಊರಿಗೆ ಜಾಗ ಕೊಟ್ಟೆವು ಎನ್ನುವುದು ನ್ಯಾಯವಲ್ಲ.

ಟಿವಿ ಬೇಡ. ಪೇಪರ್ ಇರಲಿ, ಎರಡು ಬೇರೆ ಬೇರೆ ಪೇಪರ್. ಪುಟ ಬಿಡಿಸಿಟ್ಟರೆ ನಾಲ್ಕು ಜನ ಒಟ್ಟಿಗೆ ಓದುತ್ತಾರೆ, ಓದಿದ್ದನ್ನು ಮಾತಾಡುತ್ತಾರೆ.

ಗಾಜಿನ ಗ್ಲಾಸೋ, ಪೇಪರ್ ಕಪ್ಪೋ?

ಗಾಜು. ಪೇಪರ್ ಕಪ್ ಕೈಗೆ ಬಂದವನು ಅದನ್ನು ಹಿಡಿದುಕೊಂಡು ನಡೆದುಬಿಡುತ್ತಾನೆ, ಗ್ಲಾಸು ಹಿಡಿದವನು ಮುಗಿಯುವತನಕ ಅಲ್ಲೇ ನಿಲ್ಲುತ್ತಾನೆ. ಕಸದ ಗುಡ್ಡೆಯೂ ತಪ್ಪುತ್ತದೆ.

ಆದರೆ ತೊಳೆಯುವುದು ಸರಿಯಾಗಿರಬೇಕು. ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆಯುವುದು ತೊಳೆದಂತಲ್ಲ. ಮೂರು ಟಬ್ ಇಡಿ. ಮೊದಲನೆಯದು ಸೋಪಿನ ನೀರು, ಬ್ರಶ್ಶು. ಎರಡನೆಯದು ಬರೀ ನೀರು. ಮೂರನೆಯದಕ್ಕೆ ಹತ್ತು ಲೀಟರಿಗೆ 20 ಮಿ.ಲೀ., ಶೇ 5ರ ಸೋಡಿಯಂ ಹೈಪೋಕ್ಲೋರೈಟ್. ಒಂದು ನಿಮಿಷ ಮುಳುಗಿಸಿ, ಬೋರಲು ಹಾಕಿ ಒಣಗಿಸಿ, ಬಟ್ಟೆಯಿಂದ ಒರೆಸಬೇಡಿ. ಎರಡನೆಯ ಟಬ್ಬಿನ ನೀರು ಮಬ್ಬಾದ ಕೂಡಲೇ ಬದಲಿಸಿ. ಮೂರನೆಯದನ್ನು ಎರಡು ತಾಸಿಗೊಮ್ಮೆ ಹೊಸದಾಗಿ ಮಾಡಿ, ಕ್ಲೋರಿನ್ ಹಾರಿಹೋಗುತ್ತದೆ. 300 ಚಾದ ಅಂಗಡಿಗೆ 60 ಗ್ಲಾಸು ಬೇಕು. ಇಪ್ಪತ್ತೇ ಇಟ್ಟುಕೊಂಡರೆ ಗದ್ದಲದಲ್ಲಿ ತೊಳೆಯುವುದು ತಪ್ಪೇ ತಪ್ಪುತ್ತದೆ.

## ಯಾರು ಕೂಡಬಹುದು

ಕೆಲವು ಹಳ್ಳ್ಯಾಗ ಇನ್ನೂ ಕೆಲವರಿಗೆ ಬ್ಯಾರೆ ಗ್ಲಾಸು ಇಡ್ತಾರ. ಮಾಲಕ «ನಂದೇನಿಲ್ರಿ, ಗಿರಾಕಿಗಳು ಒಪ್ಪಂಗಿಲ್ಲ» ಅಂತಾನ. ಏನ್ ಮಾಡಬಹುದು?

ಇದು ಅಪರಾಧ. ಗಿರಾಕಿ ಒಪ್ಪುವುದಿಲ್ಲ ಎಂಬುದು ಮಾಲಕನಿಗೆ ರಕ್ಷಣೆ ಆಗುವುದಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂ ಹೋಟೆಲು, ಅಂಗಡಿಗಳಿಗೆ ಪ್ರವೇಶವನ್ನೂ, ಅಲ್ಲಿ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆಗಳ ಬಳಕೆಯನ್ನೂ ಹೆಸರಿಸಿಯೇ ಹೇಳಿದೆ. ತಡೆದವರಿಗೆ ಒಂದರಿಂದ ಆರು ತಿಂಗಳ ಜೈಲು ಮತ್ತು ದಂಡ. 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಇನ್ನೂ ಬಿಗಿ. ದೂರು ಕೊಡಲು ಪೊಲೀಸ್ ಠಾಣೆ ಇದೆ, 14566 ಸಹಾಯವಾಣಿಯೂ ಇದೆ.

ಬೇರೆ ಗ್ಲಾಸು ಈಗ ವೇಷ ಮರೆಸಿಕೊಂಡು ಬರುವುದುಂಟು. ಕೆಲವರಿಗೆ ಗಾಜು, ಕೆಲವರಿಗೆ ಕೇಳದೆಯೇ ಪೇಪರ್ ಕಪ್. ಕೆಲವರಿಗೆ ಬಾಕು, ಕೆಲವರಿಗೆ ಹೊರಗಿನ ಕಲ್ಲು. ಅದೂ ಅದೇ. ಎಲ್ಲರಿಗೂ ಒಂದೇ ಗ್ಲಾಸು, ಒಂದೇ ತೊಟ್ಟಿಯಲ್ಲಿ ತೊಳೆತ, ಖಾಲಿ ಇದ್ದಲ್ಲಿ ಕೂಡುವ ಹಕ್ಕು, ಇಷ್ಟು ಇಲ್ಲದ ಅಂಗಡಿಯನ್ನು ಊರಿನ ಜಾಗ ಎಂದು ಕರೆಯಲು ನಾವು ಒಪ್ಪುವುದಿಲ್ಲ, ಅಲ್ಲಿ ಎಷ್ಟೇ ಹರಟೆ ನಡೆಯಲಿ.

ಹೆಣ್ಮಕ್ಕಳು ನಮ್ಮ ಅಂಗಡಿಗೆ ಬರಂಗಿಲ್ಲ, ಬಂದ್ರೂ ಪಾರ್ಸಲ್ ಒಯ್ತಾರ. ಯಾಕ?

ಸಿಗರೇಟಿನ ಹೊಗೆ, ಒಳಗೆ ಹೋಗಬೇಕಾದರೆ ಗಂಡಸರ ಗುಂಪಿನ ನಡುವೆ ಹಾಯಬೇಕಾದದ್ದು, ಹತ್ತಿರ ಶೌಚಾಲಯ ಇಲ್ಲದ್ದು, ಮತ್ತು ಎಲ್ಲರೂ ತಿರುಗಿ ನೋಡುವುದು. ಈ ನಾಲ್ಕರಲ್ಲಿ ಮೂರನ್ನು ಮಾಲಕ ಸರಿಪಡಿಸಬಹುದು. ಸೇದುವವರನ್ನು ಹೊರಗೆ, ದೂರ ಕಳಿಸಿ. ಕೌಂಟರಿಗೆ ನೇರ ದಾರಿ ಬಿಡಿ. ಶೌಚಾಲಯಕ್ಕೆ ಪಕ್ಕದ ಅಂಗಡಿಯವರೊಡನೆ ಒಪ್ಪಂದ ಮಾಡಿಕೊಂಡು ಸ್ವಚ್ಛತೆಯ ಖರ್ಚು ಹಂಚಿಕೊಳ್ಳಿ. ನಾಲ್ಕನೆಯದಕ್ಕೆ ಹೊತ್ತು ಹಿಡಿಯುತ್ತದೆ. ಕೌಂಟರಿನಲ್ಲಿ ಹೆಣ್ಣುಮಗಳಿದ್ದರೆ ಬೇಗ ಬದಲಾಗುತ್ತದೆ.

ಪರದೆ ಕಟ್ಟಿದ ‘ಫ್ಯಾಮಿಲಿ’ ಗೂಡು ಇದಕ್ಕೆ ಪರಿಹಾರವಲ್ಲ. ಹೊರಗಿನ ಬಾಕು ನಿಮಗಲ್ಲ ಎಂದು ಅದು ಹೇಳುತ್ತದೆ. ಕಾಯಿಪಲ್ಲೆ ಮಾರಿ ಮುಗಿಸಿದ ಅಕ್ಕ ಒಬ್ಬಳೇ ಬಂದು, ಬುಟ್ಟಿ ಇಳಿಸಿ, ಹೊರಗಿನ ಬಾಕಿನ ಮೇಲೆ ಕೂತು ಚಾ ಕುಡಿದಳೆಂದರೆ ಅಂಗಡಿ ಸರಿದಾರಿಗೆ ಬಂದಿದೆ.

ಎಲೆಕ್ಷನ್ ಬಂದ್ರ ಜಗಳ, ಐಪಿಎಲ್ ಬಂದ್ರ ಬೆಟ್ಟಿಂಗ್. ಮಾಲಕ ಹೆಂಗ ಸಂಭಾಳಿಸಬೇಕು?

ರಾಜಕೀಯ ಮಾತಾಡುವುದಕ್ಕೇ ಮಂದಿ ಕೂಡುವುದು, ಅದನ್ನು ತಡೆಯಬೇಡಿ. ಆದರೆ ಗೋಡೆಗೆ ಯಾವ ಪಕ್ಷದ ಪೋಸ್ಟರೂ ಬೇಡ, ಗಲ್ಲಾದ ಹಿಂದೆ ನಿಂತು ಮಾಲಕ ಪಕ್ಷ ಹಿಡಿಯುವುದೂ ಬೇಡ. ದನಿ ಏರಿತೆಂದರೆ ನೀರು ತಂದಿಟ್ಟು ಲೆಕ್ಕ ಕೇಳಿ. ಜೇಬಿಗೆ ಕೈ ಹಾಕಿದವರು ಎದ್ದು ನಿಲ್ಲುತ್ತಾರೆ, ಎದ್ದು ನಿಂತವರು ಹೊರಡುತ್ತಾರೆ.

ಓಸಿ (ಅಂಕಿಗೆ ರೊಕ್ಕ ಕಟ್ಟುವ ಜೂಜು), ಬೆಟ್ಟಿಂಗಿನ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಜಾಗ ಕೊಟ್ಟವನ ಮೇಲೂ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಕೇಸು ಆಗುತ್ತದೆ. ಚೀಟಿ ಬರೆಯುವವನು ದಿನಕ್ಕೆ ಹತ್ತು ಚಾ ಕುಡಿಯಬಹುದು. ಅವನು ಬಂದ ಮೇಲೆ ಮನೆಯಿಂದ ಗಂಡಸರನ್ನು ಅಂಗಡಿಗೆ ಬಿಡದವರು ಎಷ್ಟು ಮಂದಿ ಎಂಬುದನ್ನೂ ಲೆಕ್ಕ ಹಾಕಿ.

## ಕಾಗದಪತ್ರ

ಸಣ್ಣ ಅಂಗಡಿಗೆ ಯಾವ್ಯಾವ ಲೈಸೆನ್ಸ್ ಬೇಕು?

ಆಹಾರ ಸುರಕ್ಷತೆಯ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಗಾಡಿಗೂ ಬೇಕು. ಸಣ್ಣ ವ್ಯಾಪಾರಕ್ಕೆ ನೋಂದಣಿ ಸಾಕು, ದೊಡ್ಡದಕ್ಕೆ ಲೈಸೆನ್ಸು. ಆಧಾರ್, ಫೋಟೋ, ವಿಳಾಸದ ದಾಖಲೆ ಹಾಕಿ ಆನ್‌ಲೈನಿನಲ್ಲಿ ನೀವೇ ಮಾಡಿಕೊಳ್ಳಬಹುದು, ಏಜೆಂಟರಿಗೆ ಸಾವಿರಗಟ್ಟಲೆ ಕೊಡಬೇಕಿಲ್ಲ. ಮಳಿಗೆಗೆ ಪಾಲಿಕೆ, ಪುರಸಭೆ ಅಥವಾ ಪಂಚಾಯ್ತಿಯ ಉದ್ದಿಮೆ ಪರವಾನಗಿ ಬೇಕು. ಬೀದಿಬದಿಯವರು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ವ್ಯಾಪಾರದ ಪ್ರಮಾಣಪತ್ರ ಪಡೆಯಬೇಕು. ಅದಿದ್ದರೆ ಕೇಂದ್ರದ ಪಿಎಂ ಸ್ವನಿಧಿ ಯೋಜನೆಯಲ್ಲಿ ಅಡಮಾನವಿಲ್ಲದ ಸಾಲ ಸಿಗುತ್ತದೆ. 2025ರ ಬದಲಾವಣೆಯ ನಂತರ ಮೊದಲ ಕಂತು 15,000, ತೀರಿಸಿದ ಮೇಲೆ 25,000, ಆಮೇಲೆ 50,000.

ಗ್ಯಾಸು 19 ಕೆ.ಜಿ.ಯ ವಾಣಿಜ್ಯ ಸಿಲಿಂಡರೇ ಆಗಬೇಕು. ಮನೆಯ 14.2 ಕೆ.ಜಿ. ಕೆಂಪು ಸಿಲಿಂಡರ್ ಇಟ್ಟರೆ ಜಪ್ತಿಯಾಗುತ್ತದೆ. ಸಿಗರೇಟು ಸೇದುವುದಕ್ಕೆ ಬೇರೆ ಜಾಗ ಎಂದು ಗುರುತಿಸುವ ಅವಕಾಶ 30ಕ್ಕಿಂತ ಕಡಿಮೆ ಆಸನದ ಅಂಗಡಿಗೆ ಇಲ್ಲವೇ ಇಲ್ಲ.

ಫೋನ್‌ಪೇ ತಗೊಂಡ್ರ ಜಿಎಸ್‌ಟಿ ನೋಟಿಸ್ ಬರ್ತೈತೇನ್ರಿ?

2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದಾಗ ಅನೇಕರು ಕ್ಯೂಆರ್ ಕೋಡ್ ಕಿತ್ತುಹಾಕಿದರು. ತೆರಿಗೆ ಬೀಳುವುದು ಯುಪಿಐಗಲ್ಲ, ಒಟ್ಟು ವ್ಯಾಪಾರಕ್ಕೆ. ನಗದು ಕೂಡ ಅದರಲ್ಲಿ ಸೇರುತ್ತದೆ. ಕೂಡಿಸಿ ಚಾ ಕೊಡುವುದು ಸೇವೆ, ಅದಕ್ಕೆ ವರ್ಷಕ್ಕೆ 20 ಲಕ್ಷದ ಮಿತಿ. ಹತ್ತು ರೂಪಾಯಿಯಂತೆ ದಿನಕ್ಕೆ 320 ಚಾ ಎಂದರೆ ವರ್ಷಕ್ಕೆ 11 ಲಕ್ಷ 68 ಸಾವಿರ, ನೋಂದಣಿ ಬೇಕಿಲ್ಲ. 550 ಮುಟ್ಟಿದರೆ 20 ಲಕ್ಷ ದಾಟುತ್ತದೆ. ಆಗ ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆಯ ಕಂಪೋಸಿಷನ್ ಪದ್ಧತಿಯಲ್ಲಿ ಶೇ 5, ಅಂದರೆ ಒಂದು ಚಾಕ್ಕೆ 50 ಪೈಸೆ. ಇದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ, ನಿಮ್ಮ ಐದು ರೂಪಾಯಿಯಲ್ಲೇ ಹೋಗಬೇಕು.

ಮನೆಯವರ ಕೈಗಡ, ಮಗನ ಫೀ, ಭಿಶಿ (ಚೀಟಿ) ರೊಕ್ಕ ಎಲ್ಲ ಅದೇ ಖಾತೆಗೆ ಬಂದರೆ ವ್ಯಾಪಾರದಂತೆ ಕಾಣುತ್ತದೆ. ಅಂಗಡಿಗೆ ಬೇರೆ ಖಾತೆ ಮಾಡಿ.

## ಊರೇ ಕೈ ಹಾಕುವುದಾದರೆ

ನಮ್ಮೂರಾಗ ಇದ್ದ ಒಂದೇ ಅಂಗಡಿ ಮುಚ್ಚಾಕತ್ತೈತಿ. ಊರವರ ಕೂಡಿ ನಡೆಸಾಕ ಬರ್ತೈತೇನು?

ಬರುತ್ತದೆ. ಇಂಗ್ಲೆಂಡಿನ ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯಲ್ಲಿ ಮಂದಿ ಸಹಕಾರಿ ಸಂಘ ಮಾಡಿಕೊಂಡು 2003ರಲ್ಲಿ ತಮ್ಮ ಓಲ್ಡ್ ಕ್ರೌನ್ ಪಬ್ಬನ್ನು ಕೊಂಡರು. 2011ರ ಲೋಕಲಿಸಂ ಕಾಯ್ದೆ ಬಂದ ಮೇಲೆ ಅಲ್ಲಿ ಊರಿಗೆ ಬೇಕಾದ ಪಬ್ಬು, ಅಂಗಡಿಗಳನ್ನು ಪಟ್ಟಿಗೆ ಸೇರಿಸಬಹುದು. ಮಾಲಕ ಮಾರಲು ಹೊರಟರೆ ಊರವರು ಆರು ವಾರದೊಳಗೆ ಆಸಕ್ತಿ ತಿಳಿಸಬೇಕು, ತಿಳಿಸಿದರೆ ರೊಕ್ಕ ಕೂಡಿಸಲು ಆ ಕಾಯ್ದೆ ಒಟ್ಟು ಆರು ತಿಂಗಳು ಕೊಟ್ಟಿತು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಆದರೆ ಕೂಡಿ ನಡೆಸುವುದನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. 1904ರ ಸಹಕಾರ ಕಾಯ್ದೆಯ ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಗದಗ ತಾಲೂಕಿನ ಕಣಗಿನಹಾಳದಲ್ಲಿ ಕೃಷಿ ಪತ್ತಿನ (ಸಾಲದ) ಸಂಘ ಕಟ್ಟಿದರು, ದೇಶದಲ್ಲೇ ಮೊದಲನೆಯದೆಂದು ಅದು ಹೆಸರಾಗಿದೆ.

ಒಂದು ಚಾದಂಗಡಿಗೆ ಸಂಘ ನೋಂದಾಯಿಸುವುದು ಭಾರವಾಗುತ್ತದೆ, ಲೆಕ್ಕ ಪರಿಶೋಧನೆ, ಚುನಾವಣೆ ಎಲ್ಲ ಹಿಂದೆ ಬರುತ್ತವೆ. ಮೊದಲು ಹಗುರ ದಾರಿ ಹಿಡಿಯಿರಿ. ಇಪ್ಪತ್ತು ಮನೆಯವರು ತಲಾ 2,000 ಹಾಕಿ 40,000 ಕೂಡಿಸಿ. ಜಾಗದ ಡಿಪಾಜಿಟ್, ಒಲೆ, ಬಾಕು, ಗ್ಲಾಸುಗಳಿಗೆ ಅದು ಹೋಗಲಿ, ಆ ಸಾಮಾನು ಗುಂಪಿನದಾಗಿರಲಿ. ನಡೆಸುವವರು ಒಬ್ಬರೇ ಇರಲಿ, ಲಾಭ ಪೂರ್ತಿ ಅವರದು, ಗುಂಪಿಗೆ ತಿಂಗಳಿಗೆ ಸಣ್ಣ ಸಾಮಾನು ಬಾಡಿಗೆ. ಊರಿನಲ್ಲಿ ಮಹಿಳಾ ಸ್ವಸಹಾಯ ಸಂಘ ಇದ್ದರೆ ಮೊದಲು ಅವರನ್ನು ಕೇಳಿ. ಉಳಿತಾಯದ ಶಿಸ್ತು, ಬ್ಯಾಂಕ್ ಖಾತೆ, ಲೆಕ್ಕದ ಪುಸ್ತಕ ಅವರಲ್ಲಿ ಈಗಾಗಲೇ ಇರುತ್ತವೆ.

ಇಂಥ ಪ್ರಯತ್ನ ಕೆಡುವುದು ಹೆಚ್ಚಾಗಿ ಮೂರು ಕಡೆ. ರೊಕ್ಕ ಹಾಕಿದ ಇಪ್ಪತ್ತೂ ಮಂದಿ ತಾವು ಮಾಲಕರೆಂದು ಪುಕ್ಕಟೆ ಚಾ ಕೇಳುತ್ತಾರೆ. ನಡೆಸುವವರ ಮೇಲೆ ದಿನಾ ಒಬ್ಬೊಬ್ಬರು ಒಂದೊಂದು ಹುಕುಂ ಮಾಡುತ್ತಾರೆ. ಬೆಳಿಗ್ಗೆ ಐದಕ್ಕೆ ಹಾಲು ತರುವವರು ಯಾರೆಂದು ಬರೆದಿರುವುದಿಲ್ಲ. ಆದ್ದರಿಂದ ಮೊದಲ ದಿನವೇ ಕಾಗದದ ಮೇಲೆ ಬರೆಯಿರಿ: ಎಲ್ಲರೂ ರೊಕ್ಕ ಕೊಟ್ಟೇ ಕುಡಿಯಬೇಕು, ದೂರು ತಿಂಗಳ ಸಭೆಯಲ್ಲಿ ಮಾತ್ರ, ತೆರೆಯುವ ಹೊತ್ತು ಇಷ್ಟು, ಬಿಟ್ಟು ಹೋಗುವವರ 2,000 ಇಷ್ಟು ದಿನದಲ್ಲಿ ವಾಪಸ್.

ಹಳೇ ಅಂಗಡಿ ತಗೊಂಡೀವಿ. ಪೂರಾ ಹೊಸಾದು ಮಾಡಬೇಕಂತೀವಿ. ದಿನಾ ಬರೋ ಮಂದಿ ಉಳೀತಾರೇನು?

ಒಂದೇ ಸಲ ಎಲ್ಲ ಬದಲಿಸಿದರೆ ಉಳಿಯುವುದಿಲ್ಲ. ಮೊದಲ ಮೂರು ತಿಂಗಳು ಮುಟ್ಟಬಾರದ್ದು ಚಾದ ರುಚಿ, ತೆರೆಯುವ ಹೊತ್ತು, ಬಾಕಿನ ಜಾಗ. ಮೊದಲ ದಿನದಿಂದಲೇ ಬದಲಿಸಬೇಕಾದದ್ದು ಗ್ಲಾಸು ತೊಳೆತ, ಎಣ್ಣೆ, ಕತ್ತಲೆ ಮೂಲೆಗೆ ದೀಪ. ದರ ಏರಿಸುವುದಿದ್ದರೆ ಹದಿನೈದು ದಿನ ಮುಂಚೆ ಬರೆದು ಹಚ್ಚಿ, ಕಾರಣ ಕೇಳಿದವರಿಗೆ ಹಾಲಿನ ಬಿಲ್ಲು ತೋರಿಸಿ.

ಹಳೆಯ ಮಾಲಕನನ್ನು ಒಂದು ವಾರ ಜೊತೆಗೆ ನಿಲ್ಲಿಸಿಕೊಳ್ಳಿ. ಯಾರಿಗೆ ಸಕ್ಕರೆ ಇಲ್ಲದ ಚಾ, ಯಾರು ಸಂತೆ ದಿನ ಎಂಟು ಜನರನ್ನು ಕರೆತರುತ್ತಾರೆ, ಯಾರ ಉದ್ರಿ ಬರುತ್ತದೆ, ಯಾರದು ಬರುವುದಿಲ್ಲ ಎಂಬುದು ಖರೀದಿ ಪತ್ರದಲ್ಲಿ ಇರುವುದಿಲ್ಲ. ಉದ್ರಿ ಪುಸ್ತಕವನ್ನು ಕೊಳ್ಳುವುದಾದರೆ ಬರೆದ ಮೊತ್ತಕ್ಕೆ ಕೊಳ್ಳಬೇಡಿ. ಆರು ತಿಂಗಳಿಗಿಂತ ಹಳೆಯ ಬಾಕಿಯನ್ನು ಸೊನ್ನೆ ಎಂದು ಹಿಡಿದು, ಉಳಿದದ್ದಕ್ಕೆ ಅರ್ಧ ಬೆಲೆ ಕಟ್ಟಿ, ಪ್ರತಿ ಹೆಸರನ್ನೂ ಆಯಾ ಗಿರಾಕಿಯ ಎದುರೇ ಹೊಸ ಪುಸ್ತಕಕ್ಕೆ ಇಳಿಸಿಕೊಳ್ಳಿ.